ಎಡಗಾಲಿನ ಬೂಟು

ಡಿಸೆಂಬರ್ 14, ಭಾನುವಾರ. ಸಂಜೆ ಏಳು

ಇವತ್ತಿನ ಒಟ್ಟು ಖರ್ಚು: ಅರ್ಧ ಟ್ಯಾಂಕ್ ಪೆಟ್ರೋಲ್. ಫ್ಲಾಸ್ಕಿನ ಮುಚ್ಚಳ — ಭಾವ ಬಾನೆಟ್ ಮೇಲಿಟ್ಟು ಮರೆತರು. ಭಾನುವಾರದ ನಿದ್ದೆ. ಬೂಟು ಒಂದು, ಎಡಗಾಲಿನದು. ಬಲಗಾಲಿನದು ಬಾಗಿಲ ಹಿಂದೆ ಒಂಟಿಯಾಗಿ ನಿಂತಿದೆ. ಹೆಂಡತಿ ಅದನ್ನು ನೋಡಿ, "ಕಾಲನ್ನೂ ಅಲ್ಲೇ ಬಿಟ್ಟು ಬರಬೇಕಿತ್ತು, ಲೆಕ್ಕ ಸರಿಹೋಗ್ತಿತ್ತು" ಎಂದಳು. ಕರೆದುಕೊಂಡು ಹೋದದ್ದು ಇವಳ ಅಣ್ಣ, ಮಂಗಳಾರತಿ ನನಗೆ.

ಬಂದದ್ದು: ಒಂದು ಚಿತ್ರ. ಆದರೆ ಎಂಥ ಚಿತ್ರ!

ಊಟ ಮುಗಿಸಿ ಹೊರಟೆವು, ಕ್ಲಬ್ಬಿನ ಸ್ಪರ್ಧೆಗೆ ಹಕ್ಕಿ ಚಿತ್ರ ತೆಗೆಯಲು. ವಕೀಲರು, ಕ್ಯಾಮೆರಾ ಕ್ಲಬ್ಬಿನ ಅಧ್ಯಕ್ಷರು, ಇವಳ ಅಣ್ಣ — ಮೂರು ಅಧಿಕಾರಗಳೂ ಭಾವ ಒಬ್ಬರೊಳಗೇ ಸೇರಿ ಮುಂದಿನ ಸೀಟಿನಲ್ಲಿ ಕೂತಿದ್ದವು. ನಾನು ಡ್ರೈವರ್. ದಾರಿಯುದ್ದಕ್ಕೂ ಉಪದೇಶ.

"ನೋಡು ಪಾಸ್‌ಪೋರ್ಟ್ ಸೈಜು," — ಸ್ಟುಡಿಯೋ ತೆರೆದ ದಿನ ನನಗೆ ಇಟ್ಟ ಹೆಸರು, ಇನ್ನೂ ಬಿಟ್ಟಿಲ್ಲ — "ನಿಸರ್ಗ ವಿಭಾಗ ಅಂದ್ರೆ ನಿಸರ್ಗ ಮಾತ್ರ. ಕಂಬ ಇರಬಾರದು, ಬೇಲಿ ಇರಬಾರದು. ಮನುಷ್ಯನ ನೆರಳು ಬಿದ್ರೂ ಚಿತ್ರ ಔಟ್."

"ಮನುಷ್ಯರಿಲ್ಲದೆ ನನ್ನ ಅಂಗಡಿ ನಡೆಯಲ್ಲ ಭಾವ."

"ಅದಕ್ಕೇ ನಿನ್ನ ಅಂಗಡಿಗೆ ಯಾರೂ ಪ್ರೈಜ್ ಕೊಡಲ್ಲ."

ಚಳಿಗಾಲದ ಮಧ್ಯಾಹ್ನ, ಮೂರು ಗಂಟೆಗೇ ಸಂಜೆಯ ಮುಖ. ಕೊಯ್ದು ಮುಗಿದ ಹೊಲಗಳು, ಬರೀ ಕೂಳೆ. ಎಲೆ ಉದುರಿದ ಮರಗಳು. ಹೊಗೆ ಮೇಲೇಳಲು ಸೋಮಾರಿಯಾಗಿ ನೆಲದ ಮೇಲೇ ಮಲಗಿತ್ತು. ಜಲಾಶಯದ ಹಿನ್ನೀರು ಈ ಸಲ ಬೇಗ ಇಳಿದಿದೆ. ಬಿಟ್ಟುಹೋದ ಕೆಸರು ಗ್ಲಾಸಿ ಪೇಪರಿನ ಹಾಗೆ ಹೊಳೆಯುತ್ತಿತ್ತು. ಆಚೆ ತುದಿಯಲ್ಲಿ ಕಾಡುಬಾತುಗಳು. ಸಾವಿರ ಇದ್ದಾವು. ಎಲ್ಲವೂ ಕೊಕ್ಕು ರೆಕ್ಕೆಯೊಳಗಿಟ್ಟು ನಿದ್ದೆ.

ಹತ್ತಿರ ಹೋಗೋಣ ಎಂದು ನಾಲ್ಕು ಹೆಜ್ಜೆ ಇಟ್ಟೆ. ಎಡಗಾಲು ಮೊಣಕಾಲಿನ ತನಕ ಇಳಿದುಹೋಯಿತು. ಭಾವ ಬೆಲ್ಟ್ ಹಿಡಿದು ಎಳೆದರು. ಕಾಲು ಬಂತು, ಬೂಟು ಬರಲಿಲ್ಲ. ಪಚಕ್ ಎಂದು ಬಾಯಿ ಮುಚ್ಚಿಕೊಂಡಿತು ಕೆಸರು.

ಹಿಂದೆ ಯಾರೋ ನಕ್ಕರು. ಜೊಂಡು ಕೊಯ್ಯುವವನು. ತಲೆಯ ಮೇಲೆ ಹೊರೆ, ಕೈಯಲ್ಲಿ ಕುಡುಗೋಲು, ಬರಿಗಾಲು. ನೀಲಿ ಸ್ವೆಟರ್, ಮೊಣಕೈಗೆ ಅರಿಶಿನದಂಥ ಹಳದಿ ತೇಪೆ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, "ಇವತ್ತು ಬೆಳಿಗ್ಗೆ ಹಾಕಿಕೊಟ್ಟಳು ಸ್ವಾಮಿ ನಮ್ಮನೆಯವಳು. ಇದನ್ನ ಬಿಟ್ರೆ ಬೇರೆ ಬಟ್ಟೆ ಸಿಗಲಿಲ್ವಂತೆ. ದೂರದಿಂದ್ಲೇ ನನ್ನ ಗುರುತು ಸಿಗಲಿ ಅಂತ ಇರಬೇಕು" ಎಂದ. ಮಾತುಗಾರ. ನನ್ನ ಜಾತಿಯವನೇ ಅನ್ನಿಸಿತು.

ಭಾವ ನೇರ ವಿಷಯಕ್ಕೆ ಬಂದರು. "ಆ ಕಡೆಯಿಂದ ಸುತ್ತಿಹೋಗಿ ಹಕ್ಕಿ ಎಬ್ಬಿಸ್ತೀಯೇನಪ್ಪಾ?"

"ಭಾವ, ಎಬ್ಬಿಸಿ ತೆಗೆದ ಹಕ್ಕಿಗೂ ಪ್ರೈಜ್ ಇಲ್ಲ ಅಂತ ನೀವೇ—"

"ಹಕ್ಕಿ ಬಂದು ಸಾಕ್ಷಿ ಹೇಳತ್ತಾ?"

ಜೊಂಡಿನವನು ಕೆಸರಿನ ಕಡೆ ಒಮ್ಮೆ ನೋಡಿದ. "ಅಲ್ಲೂ ಹಸಿ ಇದೆ. ಬೇರು ಇರೋ ಕಡೆ ಕಾಲಿಟ್ಕೊಂಡು ಹೋದ್ರೆ ಆಯ್ತು." ಭಾವ ಜೇಬಿಗೆ ಕೈ ಹಾಕಿದರು. ಬೇಡ ಎಂದ. "ನನ್ನದೊಂದು ಫೋಟೋ ತೆಗೆದುಕೊಡಿ. ನಾನು ಜೊಂಡು ಕೊಯ್ಯಲ್ಲ, ದಡದಲ್ಲಿ ಕೂತು ಬೀಡಿ ಸೇದ್ತೀನಿ ಅಂತಾಳೆ. ಕೆಲಸ ಮಾಡ್ತಿರೋ ಹಾಗೆ ತೆಗೀರಿ. ಪುರಾವೆ ಆಗತ್ತೆ."

"ಬಂದಮೇಲೆ ತೆಗೆಯೋಣ, ಬೆಳಕು ಹೋಗತ್ತೆ, ಹೊರಡು."

ಒಪ್ಪಂದ: ಭಾವ ಟೋಪಿ ಎತ್ತಿದಾಗ ಅವನು ಎದ್ದು ಹಕ್ಕಿ ಎಬ್ಬಿಸಬೇಕು. ಅಲ್ಲಿಯವರೆಗೆ ಜೊಂಡಿನ ಮರೆಯಲ್ಲಿ ಕೂತಿರಬೇಕು. ಹೊರೆ ಇಳಿಸಿ ಕುಡುಗೋಲು ಹಿಡಿದು ಹೊರಟ. ಹೋಗುತ್ತ ತಿರುಗಿ ನಕ್ಕ. ಬೆಳಕು ಅಳೆಯಲು ಒಂದು ಕ್ಲಿಕ್ ಮಾಡಿದೆ. ಅದು ಲೆಕ್ಕಕ್ಕಿಲ್ಲ.

ಕಾದೆವು. ಸೂರ್ಯ ಇನ್ನೂ ಮೋಡದ ಕೆಳಗೆ ಇಳಿದಿರಲಿಲ್ಲ, ಅಷ್ಟರಲ್ಲಿ ಫ್ರೇಮಿನ ನಟ್ಟನಡುವೆ ಇವನು ನಿಂತು ಎರಡೂ ಕೈ ಬೀಸತೊಡಗಿದ.

"ಈಗಲೇ ಯಾಕೆ ಎದ್ದ ಈ ಕತ್ತೆ? ಕೂತ್ಕೋ ಅನ್ನು!"

ಇಬ್ಬರೂ ಅಂಗೈ ಕೆಳಗೆ ಮಾಡಿ ತೋರಿಸಿದೆವು. ಕೂತ್ಕೋ, ಕೂತ್ಕೋ. ಅವನು ಮತ್ತೆ ಬೀಸಿದ. ಲಾಂಗ್ ಲೆನ್ಸಿನಲ್ಲಿ ನೋಡುತ್ತ ನಾಲ್ಕಾರು ಕ್ಲಿಕ್ ಮಾಡಿದೆ, ಬಾಯಿ ಅಷ್ಟಗಲ ತೆರೆದಿದ್ದ. ನಗುತ್ತಿದ್ದಾನೆ ಎಂದುಕೊಂಡೆ. ಗಾಳಿ ನಮ್ಮ ಕಡೆಯಿಂದ ಅತ್ತ. ಒಂದು ಸದ್ದೂ ಇಲ್ಲ. ಮತ್ತೆ ಅಂಗೈ ತೋರಿಸಿದೆವು. ಕೊನೆಗೆ ಮೆಲ್ಲಮೆಲ್ಲನೆ ಕೂತ. ಜೊಂಡಿನ ಮರೆಗೆ ಹೋದ.

"ಅರ್ಥವಾಯ್ತು ನೋಡು. ಎರಡು ಸಲ ಹೇಳಬೇಕು ಇವರಿಗೆ."

ಬೆಳಕು ಬಂತು. ಭಾವ ಟೋಪಿ ಎತ್ತಿದರು. ಯಾರೂ ಏಳಲಿಲ್ಲ. ಮತ್ತೆ ಎತ್ತಿದರು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಇಡೀ ಹಿಂಡು ತಾನಾಗಿ ಎದ್ದಿತು, ಯಾರೋ ಹೊದಿಕೆ ಕೊಡವಿದ ಹಾಗೆ. ಭಾವನ ಕೈಯಲ್ಲಿ ಟೋಪಿ ಇತ್ತು. ನನ್ನ ಕೈಯಲ್ಲಿ ಕ್ಯಾಮೆರಾ.

ಕತ್ತಲಾಗುವವರೆಗೆ ಕಾದರೂ ಅವನು ಬರಲಿಲ್ಲ. "ಆ ಕಡೆಯಿಂದಲೇ ಮನೆಗೆ ಹೋದ" ಎಂದರು ಭಾವ.

"ಫೋಟೋ ಬೇಕು ಅಂದಿದ್ದ. ಹೊರೆ ಬೇರೆ ಇಲ್ಲೇ ಇದೆ."

"ನಾಳೆ ತಗೊಳ್ತಾನೆ. ಹತ್ತು ಕಾರು."

ಬಾಕಿ: ಜೊಂಡಿನವನಿಗೆ ಒಂದು ಫೋಟೋ.

ಡಿಸೆಂಬರ್ 16, ಮಂಗಳವಾರ

ಭಾವ ಸ್ಟುಡಿಯೋದ ಮೆಟ್ಟಿಲು ಹತ್ತಿದರು. ಇಷ್ಟು ವರ್ಷದಲ್ಲಿ ಮೊದಲ ಸಲ. ಕಂಪ್ಯೂಟರ್ ಪರದೆಯ ಮುಂದೆ ನಿಂತರು. ವಕೀಲರಿಗೆ ಮಾತು ನಿಂತದ್ದನ್ನು ನೋಡುವುದೇ ಒಂದು ಪ್ರೈಜು.

"ಇದು ನೀನು ತೆಗೆದದ್ದಾ?"

"ನಿಮ್ಮ ಟೋಪಿ, ನನ್ನ ಬೆರಳು."

ಹೆಗಲ ಮೇಲೆ ಕೈ ಇಟ್ಟರು. ಭಾರವಾದ ಕೈ. ತೆಗೆಯಲಿ ಅನ್ನಿಸಲಿಲ್ಲ.

ಕೆಳಗಿನ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ ಇತ್ತು. "ಅದೇನು?" "ಎಲೆ ಇರಬೇಕು." "ಅಂಚು ಕತ್ತರಿಸು. ಅಳಿಸಿದ್ರೆ ತಪ್ಪು, ಕತ್ತರಿಸಿದ್ರೆ ತಪ್ಪಲ್ಲ." ಕತ್ತರಿಸಿದೆ. ಶೀರ್ಷಿಕೆ ಭಾವನದು: 'ಯಾರೂ ಮುಟ್ಟದ ನೆಲ'.

ಡಿಸೆಂಬರ್ 20, ಶನಿವಾರ

ಮೊದಲ ಬಹುಮಾನ. ಸ್ಟೇಜಿನ ಮೇಲೆ ಭಾವ ನನ್ನ ಹೆಸರು ಹಿಡಿದು ಕರೆದರು. ಪೂರ್ತಿ ಹೆಸರು. ಒಂದು ಕ್ಷಣ ಯಾರನ್ನು ಕರೆಯುತ್ತಿದ್ದಾರೆ ಎಂದು ನಾನೇ ತಿರುಗಿ ನೋಡಿದೆ. ತೀರ್ಪುಗಾರರು, "ಮನುಷ್ಯ ಹುಟ್ಟುವ ಮೊದಲಿನ ಮೌನ ಈ ಚಿತ್ರದಲ್ಲಿದೆ" ಎಂದರು. ಡಾರ್ಕ್‌ರೂಮಿನಲ್ಲಿ ತಟ್ಟೆ ತೊಳೆದು ಮೇಲೆ ಬಂದವನಿಗೆ ಇದಕ್ಕಿಂತ ಇನ್ನೇನು ಬೇಕು. ಇವಳು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಬೂಟಿನ ವಿಷಯ ಎತ್ತಲಿಲ್ಲ.

ಒಂದು ಪ್ರಿಂಟ್ ಕ್ಲಬ್ಬಿನ ಗೋಡೆಗೆ ಹೋಯಿತು. ಇನ್ನೊಂದು ದೊಡ್ಡದು ಹಾಕಿ ಅಂಗಡಿಯ ಗಾಜಿನ ಕಿಟಕಿಯಲ್ಲಿಟ್ಟೆ. ಮದುಮಕ್ಕಳ ಫೋಟೋ ಒಳಗೆ ಹೋಯಿತು.

ಡಿಸೆಂಬರ್ 22, ಸೋಮವಾರ. ಮಧ್ಯಾಹ್ನ

ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಗುರುತಿನ ಚೀಟಿ, ಅದರ ಮೇಲೆ ಉಗುರಿನಷ್ಟು ಫೋಟೋ. "ಇದನ್ನ ದೊಡ್ಡದು ಮಾಡಿ ಅಣ್ಣಾ. ಗೋಡೆಗೆ ಅಂಟಿಸಬೇಕು. ಕಾಣೆಯಾಗಿದಾನೆ ಅಂತ."

ಗಂಡ. ಜೊಂಡು ಕೊಯ್ಯುವವನು. ಹದಿನಾಲ್ಕನೇ ತಾರೀಕಿನ ಭಾನುವಾರದಿಂದ ಇಲ್ಲ. ಅವನು ಯಾವಾಗಲೂ ಕೊಯ್ಯುವುದು ಮೇಲಿನ ಕೆರೆಯಲ್ಲಿ, ಅಲ್ಲೆಲ್ಲ ಹುಡುಕಿದ್ದಾರೆ. ಸಿಗಲಿಲ್ಲ. ಊರಿನವರು ಬೇರೆ ಕಥೆ ಹೇಳುತ್ತಿದ್ದಾರಂತೆ. ಪಕ್ಕದ ಬೀದಿಯ ಒಬ್ಬಳು ಅದೇ ವಾರ ತವರಿಗೆ ಹೋಗಿದ್ದಾಳೆ.

"ಅವಳ ಹಿಂದೆ ಹೋಗಿದಾನಂತೆ. ಪೊಲೀಸಿನವರೂ ನಕ್ಕರು." ಚೀಟಿಯನ್ನು ಕೌಂಟರಿನ ಮೇಲೆ ನೇರ ಮಾಡಿದಳು. "ಸತ್ತಿದ್ರೆ ಅಳಬಹುದಿತ್ತು. ಓಡಿಹೋಗಿದ್ರೆ ಬೈಬಹುದಿತ್ತು. ಈಗ ಎರಡಕ್ಕೂ ಇಲ್ಲ, ಬಾಯಿ ಮುಚ್ಕೊಂಡು ಕೂತಿದೀನಿ."

"ಏನು ಹಾಕ್ಕೊಂಡಿದ್ರು?" ಕೇಳಬಾರದಿತ್ತು. ಕೇಳಿಬಿಟ್ಟೆ.

"ನೀಲಿ ಸ್ವೆಟರ್. ಮೊಣಕೈಗೆ ಹಳದಿ ತೇಪೆ ಹಾಕಿದ್ದೆ."

ಚೀಟಿಯನ್ನು ಸ್ಕ್ಯಾನರಿಗೆ ಹಾಕಿದೆ. ಪ್ರಿಂಟ್ ಕೊಟ್ಟೆ. ಅವಳು ಹೊರಗೆ ಹೋಗುವಾಗ ಕಿಟಕಿಯ ಚಿತ್ರವನ್ನು ನೋಡಲಿಲ್ಲ. ತಲೆ ತಗ್ಗಿಸಿದ್ದಳು. ಪುಣ್ಯ.

ಅದೇ ದಿನ, ಐದು ಗಂಟೆ

ಶಟರ್ ಎಳೆದು ಫೈಲುಗಳನ್ನು ತೆರೆದೆ. ಅವನಿರುವ ಫ್ರೇಮುಗಳು — ಹಾಳಾದವು ಎಂದು ಬದಿಗಿಟ್ಟಿದ್ದೆ. ಒಂದೊಂದಾಗಿ ನೋಡಿದೆ. ಮೊದಲನೆಯದರಲ್ಲಿ ತೊಡೆಯಿಂದ ಮೇಲೆ ಕಾಣುತ್ತಿದೆ. ಆಮೇಲೆ ಸೊಂಟದಿಂದ ಮೇಲೆ. ಆಮೇಲೆ ಎದೆಯಿಂದ ಮೇಲೆ. ಕೂರುವ ಮನುಷ್ಯ ಮುಂದಕ್ಕೆ ಬಾಗುತ್ತಾನೆ, ಕೈ ಊರುತ್ತಾನೆ. ಈ ಕೆಲಸದಲ್ಲಿ ಎಷ್ಟು ಜನರನ್ನು ಸ್ಟೂಲಿನ ಮೇಲೆ ಕೂರಿಸಿದ್ದೇನೆ. ಇವನು ಬಾಗಿಲ್ಲ. ಬೆನ್ನು ನೆಟ್ಟಗಿದೆ. ನೆಟ್ಟಗೆ ಕೆಳಕ್ಕೆ.

ನಾವು ಕೂತ್ಕೋ ಎಂದು ಕೈ ಮಾಡುತ್ತಿದ್ದೆವು.

ಬಹುಮಾನದ ಚಿತ್ರದ ಮೂಲ ಫೈಲು. ಕತ್ತರಿಸಿದ ಮೂಲೆಯನ್ನು ದೊಡ್ಡದು ಮಾಡಿದೆ. ಎಲೆಯಲ್ಲ. ಮೊಣಕೈ. ಮೇಲಕ್ಕೆ ಮಡಚಿದೆ.

ಹಕ್ಕಿಗಳು ಸುಮ್ಮನೆ ಎದ್ದದ್ದಲ್ಲ. ಅವುಗಳಿಗೆ ಅವನ ಕೂಗು ಕೇಳಿಸಿತ್ತು.

ಡಿಸೆಂಬರ್ 23, ಮಂಗಳವಾರ

ಭಾವನ ಆಫೀಸು. ಗೋಡೆಯುದ್ದ ಪುಸ್ತಕ, ಫೈಲಿಗೆ ಕೆಂಪು ದಾರ. ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿದೆ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ.

"ಯಾರಿಗಾದ್ರೂ ತೋರಿಸಿದೀಯಾ? ನನ್ನ ತಂಗಿಗೆ?"

"ಇಲ್ಲ."

"ಒಳ್ಳೇದು. ಈಗ ಕೇಳು. ಅವನು ಬದುಕಿದಾನಾ? ಇಲ್ಲ. ನೀನು ಹೇಳಿದ್ರೆ ಎದ್ದು ಬರ್ತಾನಾ? ಇಲ್ಲ. ನೀನು ಹೇಳಿದ್ರೆ ಮೊದಲನೇ ಪ್ರಶ್ನೆ, ಅಲ್ಲಿಗೆ ಅವನನ್ನ ಕಳಿಸಿದ್ದು ಯಾರು. ಎರಡನೇದು, ಕೈ ಬೀಸಿದ್ರೂ ಯಾಕೆ ಹೋಗಲಿಲ್ಲ."

"ಹೆಂಡ್ತಿ ಕಾಯ್ತಿದಾಳೆ ಭಾವ. ಓಡಿಹೋದ ಅಂತಿದಾರೆ ಜನ."

"ಓಡಿಹೋದ ಗಂಡ ಒಂದು ದಿನ ವಾಪಸ್ ಬರಬಹುದು ಅನ್ನೋ ಆಸೆ ಇರತ್ತೆ. ಅದನ್ನ ಯಾಕೆ ಕಿತ್ಕೋತೀಯಾ?"

ಮಾತು ಮಾರುವವನು ನಾನು. ಮಾತನ್ನು ಹೀಗೆ ಅರೆಯುವವರನ್ನು ಇನ್ನೂ ನೋಡಿರಲಿಲ್ಲ. ನಾಚಿಕೆಯ ವಿಷಯವೆಂದರೆ, ಕೇಳುತ್ತ ಕೂತಾಗ ಹೊಟ್ಟೆ ತಣ್ಣಗಾಯಿತು. ಪ್ರಿಂಟುಗಳನ್ನು ಅವರು ತಮ್ಮ ಡ್ರಾಯರಿಗೆ ಹಾಕಿ ಬೀಗ ಹಾಕಿದರು. ನಾನು ಹಾಕಲು ಬಿಟ್ಟೆ. ಫೈಲುಗಳು ನನ್ನ ಹತ್ತಿರ ಇವೆಯೇ ಎಂದು ಅವರೂ ಕೇಳಲಿಲ್ಲ, ಇವೆ ಎಂದು ನಾನೂ ಹೇಳಲಿಲ್ಲ.

ಡಿಸೆಂಬರ್ 28

ಅಂಗಡಿ ತೆರೆದೆ. ಮುಚ್ಚಿದೆ.

ಜನವರಿ 2, ಶುಕ್ರವಾರ

ಬಸ್ ಸ್ಟಾಪಿನ ಕಂಬದ ಮೇಲೆ ಅವನ ಫೋಟೋ. ನಾನು ದೊಡ್ಡದು ಮಾಡಿಕೊಟ್ಟದ್ದೇ. ಯಾರೋ ಪೆನ್ನಿನಲ್ಲಿ ಮೀಸೆ ತಿರುವಿ, ಪಕ್ಕದಲ್ಲಿ ಒಂದು ಹೆಣ್ಣು ಬರೆದು, ಕೆಳಗೆ ಒಂದು ಸಾಲು ಹೊಲಸು ಗೀಚಿದ್ದರು. ಇಬ್ಬರು ಓದಿ ನಗುತ್ತಿದ್ದರು. ಒಬ್ಬ ನನ್ನ ಗಿರಾಕಿ. "ನೋಡಿ ಸಾರ್, ನಿಮ್ಮ ಪ್ರಿಂಟು ಎಷ್ಟು ಚೆನ್ನಾಗಿ ಬಂದಿದೆ" ಎಂದ.

ಊರಾಚೆಯ ಪೆಟ್ರೋಲ್ ಬಂಕಿಗೆ ಕಾರು ಓಡಿಸಿದೆ. ಅಲ್ಲಿನ ಫೋನಿಂದ ಸ್ಟೇಷನ್ನಿಗೆ ಮಾಡಿದೆ. ಹೆಸರು ಹೇಳಲಿಲ್ಲ. "ಜೊಂಡಿನವನನ್ನ ಕೆರೆಯಲ್ಲಿ ಹುಡುಕಬೇಡಿ. ಹಿನ್ನೀರಿನ ಕೆಸರಲ್ಲಿ ಹುಡುಕಿ." "ಯಾರು ಮಾತಾಡೋದು?" ಇಟ್ಟುಬಿಟ್ಟೆ. ಜನ್ಮದಲ್ಲಿ ಇಷ್ಟು ಕಡಿಮೆ ಮಾತಾಡಿದ್ದು ಇದೇ ಮೊದಲು.

ಅಗ್ಗದಲ್ಲಿ ಮುಗಿಸಿದೆ ಎಂದುಕೊಂಡು ಬಂದೆ.

ಜನವರಿ 4, ಭಾನುವಾರ

ಸಿಕ್ಕನಂತೆ. ಹಲಗೆ ಹಾಸಿ ಹಗ್ಗ ಕಟ್ಟಿ ತೆಗೆದರಂತೆ. ಪೇಪರಿನ ಮೂರನೇ ಪುಟದಲ್ಲಿ ನಾಲ್ಕು ಸಾಲು. ಕೊನೆಯ ಸಾಲು: ಈಚೆ ದಡದ ಕೆಸರಿನಲ್ಲಿ ಎಡಗಾಲಿನ ಒಂದು ಬೂಟು ದೊರೆತಿದ್ದು, ಅದು ಮೃತನದಲ್ಲ, ಪೊಲೀಸರು ವಿಚಾರಣೆ ನಡೆಸುತ್ತಿದ್ದಾರೆ.

ಇವಳು ಓದಿದಳು. ಬಾಗಿಲ ಹಿಂದೆ ನೋಡಿದಳು. ನನ್ನನ್ನು ನೋಡಿದಳು. ಕಾಫಿ ಲೋಟ ನನ್ನ ಮುಂದಿಟ್ಟಳು, ಸದ್ದು ಮಾಡದೆ.

"ನಮ್ಮಣ್ಣನೂ ಇದ್ನಾ?"

"ಇದ್ದರು."

ಬಲಗಾಲಿನ ಬೂಟನ್ನು ಎಸೆಯಲೂ ಇಲ್ಲ, ಸರಿಸಲೂ ಇಲ್ಲ. ಅದರ ಸುತ್ತ ಗುಡಿಸಿದಳು.

ಜನವರಿ 6, ಮಂಗಳವಾರ

ಅವಳು ಬಂದಳು. ಅದೇ ಗುರುತಿನ ಚೀಟಿ.

"ಮನೇಲಿ ಇಡೋಕೆ ಒಂದು ಬೇಕು ಅಣ್ಣಾ. ಇದರಲ್ಲಿ ಹೆದರಿದ ಹಾಗಿದಾನೆ. ಸ್ವಲ್ಪ ನಗಿಸೋಕಾಗತ್ತಾ? ಕಂಪ್ಯೂಟರಲ್ಲಿ ಏನೇನೋ ಮಾಡ್ತಾರಂತಲ್ಲ."

"ಬೇರೆ ಫೋಟೋ ಇಲ್ವಾ ತಾಯಿ?"

"ಮದುವೇದು ಒಂದಿತ್ತು." ಕೌಂಟರಿನ ಗಾಜನ್ನು ಸೆರಗಿನಿಂದ ಒರೆಸಿದಳು, ಅಲ್ಲಿ ಏನೂ ಇರಲಿಲ್ಲ. "ಸಿಗೋ ಮುಂಚಿನ ದಿನ ಒಲೆಗೆ ಹಾಕಿಬಿಟ್ಟೆ. ಬೀದೀಲಿ ಯಾರೋ ನಕ್ಕರು. ಸಿಟ್ಟು ಬಂತು. ಒಂದು ದಿನ ತಡೆದಿದ್ರೆ..."

ಒಂದು ದಿನ. ಅವಳು ಒಂದು ದಿನ ತಡೆಯಲಿಲ್ಲ ಎಂದು ಅವಳಿಗೆ ದುಃಖ. ನಾನು ಎಷ್ಟು ದಿನ ತಡೆದೆ ಎಂದು ಅಲ್ಲಿ ಗೊತ್ತಿದ್ದವನು ಕೌಂಟರಿನ ಈಚೆ ಕಡೆ ನಿಂತಿದ್ದ ನಾನೊಬ್ಬನೇ.

"ನಾಡಿದ್ದು ಬನ್ನಿ" ಎಂದೆ.

ಜನವರಿ 7, ಬುಧವಾರ

ಭಾವ ಬಂದರು. ಎರಡನೇ ಸಲ ಮೆಟ್ಟಿಲು. ಇವಳು ಫೋನ್ ಮಾಡಿ ಏನೋ ಅಂದಿದ್ದಾಳೆ, ಮುಖ ಇಳಿದಿತ್ತು.

ಪರದೆಯ ಮೇಲೆ ಆ ಚಿತ್ರವಿತ್ತು. ಬೆಳಕು ಅಳೆಯಲು ತೆಗೆದದ್ದು, ಲೆಕ್ಕಕ್ಕಿಲ್ಲದ್ದು. ಕುಡುಗೋಲು ಹಿಡಿದು ಹೋಗುತ್ತ ತಿರುಗಿ ನಗುತ್ತಿದ್ದಾನೆ. ಹಿಂದೆ ಜೊಂಡು, ಮುಖಕ್ಕೆ ಓರೆ ಬೆಳಕು. ಮೊಣಕೈಯ ತೇಪೆಯ ಹೊಲಿಗೆ ಎಣಿಸಬಹುದು. ಇಷ್ಟು ವರ್ಷದಲ್ಲಿ ಮನುಷ್ಯನ ಮುಖವನ್ನು ಇಷ್ಟು ಚೆನ್ನಾಗಿ ತೆಗೆದಿರಲಿಲ್ಲ ನಾನು.

"ತೇಪೆ ಅವತ್ತು ಬೆಳಿಗ್ಗೆ ಹಾಕಿದ್ದು" ಎಂದರು ಭಾವ. ಮರೆತಿಲ್ಲ. ವಕೀಲರು. "ಇದನ್ನ ಕೊಟ್ರೆ ಸಹಿ ಹಾಕಿ ಕೊಟ್ಟ ಹಾಗೆ. ಗುರುತಿನ ಚೀಟೀದನ್ನೇ ದೊಡ್ಡದು ಮಾಡಿ ಕೊಡು. ಗೋಡೆ ಮೇಲೆ ಹೋಗೋ ಫೋಟೋ ಯಾವುದಾದ್ರೇನು?"

"ಇದು ಅವನ ಕೂಲಿ ಭಾವ."

"ಮುಂದಿನ ವರ್ಷ ನಿನ್ನನ್ನೇ ಅಧ್ಯಕ್ಷ ಮಾಡೋಣ ಅಂತಿದ್ದೆ."

ಆಸೆ ಆಯಿತು. ಸುಳ್ಳು ಯಾಕೆ, ಆಯಿತು. ಅವರು ಕೂತೇ ಇದ್ದರು, ಪ್ರಿಂಟರ್ ಹಾಕಿದೆ. ಕಾಗದ ಹೊರಗೆ ಬರಲು ತೆಗೆದುಕೊಂಡಷ್ಟು ಹೊತ್ತು ಇಬ್ಬರೂ ಅದನ್ನೇ ನೋಡಿದೆವು. ಮೊದಲು ಆಕಾಶ, ಆಮೇಲೆ ತಲೆ, ಎದೆ, ಸೊಂಟ. ಅವರು ಅಷ್ಟರಲ್ಲೇ ಎದ್ದರು. "ನನ್ನ ಹೆಸರು ಹೇಳಬೇಡ ಪಾಸ್‌ಪೋರ್ಟ್ ಸೈಜು" ಎಂದರು, ತೀರಾ ಮೆಲ್ಲಗೆ.

ಕಿಟಕಿಯ ಚಿತ್ರ ಇಳಿಸಿದೆ, ಕ್ಲಬ್ಬಿನ ಗೋಡೆಯದನ್ನೂ.

ಜನವರಿ 8, ಗುರುವಾರ

ಬಂದಳು. ಲಕೋಟೆಯಿಂದ ತೆಗೆದಳು. ಮೊದಲು ಮುಖ ತುಂಬ ನಗು — ಅವನ ನಗುವಿಗೆ ಉತ್ತರ. ಆಮೇಲೆ ಬೆರಳು ತೇಪೆಯ ಮೇಲೆ ನಿಂತಿತು.

"ಇದನ್ನ ಯಾವಾಗ ತೆಗೆದ್ರಿ?"

"ಅವತ್ತು."

"ನೀವು ಅಲ್ಲಿದ್ರಾ?"

"ಇಬ್ಬರಿದ್ವಿ. ಹಕ್ಕಿ ಎಬ್ಬಿಸೋಕೆ ನಾವೇ ಕಳಿಸಿದ್ದು."

"ಕೂಗಿರಬೇಕಲ್ಲ ಅವನು."

"ಗಾಳಿ ಆ ಕಡೆಗಿತ್ತು."

"ಕೈಯಾದ್ರೂ ಬೀಸಿರಬೇಕು."

"ಬೀಸಿದ್ರು. ಬೇಗ ಎದ್ದು ನಿಂತಿದಾರೆ ಅಂದ್ಕೊಂಡ್ವಿ. ಕೂತ್ಕೋ ಅಂತ ಕೈ ಮಾಡಿದ್ವಿ."

ಕಿರುಚಲಿಲ್ಲ. ಕೌಂಟರಿನ ಅಂಚು ಹಿಡಿದು ನಿಂತಳು. ಹೊರಗೆ ಯಾರೋ ಪಾಸ್‌ಪೋರ್ಟ್ ಫೋಟೋಗೆ ಬಂದು, ಒಳಗೆ ಇಣುಕಿ, ವಾಪಸ್ ಹೋದರು. ಆಮೇಲೆ ಚಿತ್ರದೊಡನೆ ಮಾತಾಡುವವಳ ಹಾಗೆ ಕೇಳಿದಳು:

"ಹಾಗಾದ್ರೆ ಅವತ್ತು ಬೀಡಿ ಸೇದ್ತಾ ಕೂತಿರಲಿಲ್ಲ?"

"ಇಲ್ಲ ತಾಯಿ. ಕೆಲಸ ಮಾಡ್ತಿದ್ರು. ನಿಮಗೆ ತೋರಿಸಬೇಕು ಅಂತಲೇ ಫೋಟೋ ಕೇಳಿದ್ರು."

ಆಗ ಅತ್ತಳು. ನಾನು ಒಳಗೆ ಹೋಗಲಿಲ್ಲ. ಹೋಗಬೇಕೆನಿಸಿತು, ಹೋಗಲಿಲ್ಲ.

"ಎಷ್ಟಾಯ್ತು?" ಕಣ್ಣೊರೆಸಿ ಕೇಳಿದಳು, ಅಭ್ಯಾಸದ ಮಾತು.

"ಅವರೇ ಕೊಟ್ಟಿದಾರೆ."

ಚಿತ್ರವನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದಳು. ಬಸ್ ಸ್ಟಾಪು ಬಲಕ್ಕೆ. ಅವಳು ಎಡಕ್ಕೆ ತಿರುಗಿದಳು, ಸ್ಟೇಷನ್ನಿನ ಕಡೆಗೆ. ಅಲ್ಲಿಂದ ಸಂಜೆ ಫೋನ್ ಬಂತು: ನಾಳೆ ಬೆಳಿಗ್ಗೆ ಬರಬೇಕು, ಬಲಗಾಲಿನ ಬೂಟು ತರಬೇಕು, ಜೋಡಿ ನೋಡಬೇಕು. ಇವಳು ಅದನ್ನು ಒರೆಸಿ ಒಂದು ಚೀಲಕ್ಕೆ ಹಾಕಿಟ್ಟಿದ್ದಾಳೆ.

ಯಾರಿಗೆ ಏನು ಸಿಕ್ಕಿತು, ಬರೆದುಬಿಡುತ್ತೇನೆ.

ಅವಳಿಗೆ — ಓಡಿಹೋಗದ ಗಂಡ.

ಭಾವನಿಗೆ — ಒಬ್ಬ ಹೊಸ ಕಕ್ಷಿಗಾರ, ತಾವೇ.

ಕ್ಲಬ್ಬಿಗೆ — ಗೋಡೆಯಲ್ಲಿ ಒಂದು ಖಾಲಿ ಮೊಳೆ.

ಜೊಂಡಿನವನಿಗೆ — ಕೇಳಿದ ಫೋಟೋ. ಹೇಳಿದ ಹಾಗೇ, ಕೆಲಸ ಮಾಡುತ್ತಿರುವಂತೆ.

ನನಗೆ — ಎಡಗಾಲಿನ ಬೂಟು.